ತರಬೇತಿ ಮುಗಿದ ಮೇಲೂ ಜೊತೆಗೆ ನಿಂತವರಿಗೆ

ಕಳೆದ ಭಾನುವಾರ ನನ್ನ ಕೊರಳಿಗೆ ಸ್ಕೌಟ್ ನಾಯಕರ ತರಬೇತಿ ಮುಗಿಸಿದವರಿಗೆ ಕೊಡುವ ವುಡ್ ಬ್ಯಾಡ್ಜ್‌ನ ಎರಡು ಮಣಿಗಳು ಬಂದವು. ಹಾರೈಸಿದ ಎಲ್ಲರಿಗೂ ವಂದನೆ. ಆದರೆ ಫೋನಿನಲ್ಲಿ ಥ್ಯಾಂಕ್ಸ್ ಎಂದು ಹೇಳಿ ತೀರಿಸುವ ಋಣ ಇದಲ್ಲ. ಹೋದ ವರ್ಷ ಇದೇ ಹೊತ್ತಿಗೆ ನಾನು ಸ್ಕೌಟ್ ಪಡೆಯ ಹೊಣೆ ಬಿಟ್ಟುಬಿಡಲು ತೀರ್ಮಾನಿಸಿದ್ದೆ. ಅದು ನಿಮ್ಮಲ್ಲಿ ಕೆಲವರಿಗಷ್ಟೇ ಗೊತ್ತು. ಬಿಡದಂತೆ ನನ್ನನ್ನು ಹಿಡಿದು ನಿಲ್ಲಿಸಿದವರು ಯಾರು, ಏನು ಮಾಡಿದರು ಎಂಬುದನ್ನು ಬರೆದೇ ಹೇಳಬೇಕು.

ನಮ್ಮ ಪಡೆಯ ಹಿರಿಯ ನಾಯಕರು ಕೆಲಸದ ಮೇಲೆ ದೂರ ಹೋದಾಗ ಡೇರೆಗಳು, ಲೆಕ್ಕದ ಪುಸ್ತಕ, ಪೋಷಕರ ಪ್ರಶ್ನೆಗಳು, ಮಕ್ಕಳ ಉತ್ಸಾಹ ಎಲ್ಲವೂ ಒಟ್ಟಿಗೆ ನನ್ನ ಹೆಗಲೇರಿದವು. ಈ ಕೆಲಸಕ್ಕೆ ಸಂಬಳವಿಲ್ಲ, ಅದರ ಬಗ್ಗೆ ನನಗೆ ಬೇಸರವೂ ಇಲ್ಲ. ನನ್ನನ್ನು ಬಳಲಿಸಿದ್ದು ಒಂಟಿತನ. ಮಕ್ಕಳ ಮುಂದೆ ನಗುತ್ತಾ ನಿಂತಿದ್ದು, ಮನೆಗೆ ಬಂದ ಮೇಲೆ "ಇವತ್ತು ಮಾಡಿದ್ದು ಸರಿಯೇ?" ಎಂದು ಕೇಳಲು ಯಾರೂ ಇಲ್ಲದಿದ್ದರೆ, ಎಂಥ ಪ್ರೀತಿಯ ಕೆಲಸವೂ ಭಾರವಾಗುತ್ತದೆ.

ಈ ಕೊರತೆ ಸ್ಕೌಟಿಂಗ್‌ನಷ್ಟೇ ಹಳೆಯದು. 1907ರ ಆಗಸ್ಟ್‌ನಲ್ಲಿ ಸ್ಕೌಟಿಂಗ್‌ನ ಸ್ಥಾಪಕ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರನ್ನು ನಾಲ್ಕು ಪೆಟ್ರೋಲ್‌ಗಳಾಗಿ, ಅಂದರೆ ಪುಟ್ಟ ತಂಡಗಳಾಗಿ ಮಾಡಿ ಪ್ರಯೋಗದ ಶಿಬಿರ ನಡೆಸಿದರು. ಆಮೇಲೆ ಮಕ್ಕಳೇ ಮುಂದೆ ಓಡಿದರು, ದೊಡ್ಡವರು ಅವರ ಹಿಂದೆ ಓಡಿಬಂದರು. ಆ ದೊಡ್ಡವರಿಗಾಗಿ ಲಂಡನ್ ಬಳಿಯ ಗಿಲ್‌ವೆಲ್ ಪಾರ್ಕ್‌ನಲ್ಲಿ ಮೊದಲ ವುಡ್ ಬ್ಯಾಡ್ಜ್ ಶಿಬಿರ ನಡೆದದ್ದು 1919ರ ಸೆಪ್ಟೆಂಬರ್‌ನಲ್ಲಿ. ಹನ್ನೆರಡು ವರ್ಷಗಳ ಅಂತರ! ಆ ನಡುವಿನ ಕಾಲದಲ್ಲಿ ಯಾವುದೋ ಬಯಲಿನಲ್ಲಿ ಮಕ್ಕಳ ಗುಂಪಿನೆದುರು ಒಬ್ಬರೇ ನಿಂತಿದ್ದ ನಾಯಕರನ್ನು ನಾನು ಆಗಾಗ ನೆನೆಯುತ್ತೇನೆ.

ಗಿಲ್‌ವೆಲ್‌ನಲ್ಲಿ ಬೆಳೆದ ಆ ತರಬೇತಿಗೆ ಮೂರು ಭಾಗಗಳಿದ್ದವು: ಓದಿ ಬರೆಯುವುದು, ಶಿಬಿರದಲ್ಲಿ ಕೈಯಾರೆ ಮಾಡುವುದು, ಆಮೇಲೆ ಸ್ವಂತ ಪಡೆಯಲ್ಲಿ ತಿಂಗಳುಗಟ್ಟಲೆ ಅದನ್ನು ನಡೆಸಿ ತೋರಿಸುವುದು. ಇವತ್ತು ಹೆಸರು, ಅವಧಿ, ಪಾಠಗಳು ಬದಲಾಗಿದ್ದರೂ ಆ ಮೂರನೆಯ ಭಾಗದ ಜೀವ ಉಳಿದಿದೆ. ಶಿಬಿರದ ಫೋಟೋಗಳನ್ನು ಎಲ್ಲರೂ ನೋಡುತ್ತಾರೆ, ಮೂರನೆಯ ಭಾಗಕ್ಕೆ ಫೋಟೋ ಇರುವುದಿಲ್ಲ. ನನ್ನನ್ನು ಉಳಿಸಿದ್ದು ಮಾತ್ರ ಅದೇ. ಹಾಗಾಗಿ ನನ್ನ ಮೊದಲ ನಮಸ್ಕಾರ ನನ್ನ ತರಬೇತಿ ಸಲಹೆಗಾರ್ತಿಗೆ.

ಮೊದಲ ಭೇಟಿಯಲ್ಲಿ ಅವರು ನನ್ನ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ಇದರಲ್ಲಿ ನೀವೇ ಮಾಡಬೇಕಾದದ್ದು ಯಾವುದು?" ಸಂಜೆಯಾಗುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲುಗಳ ಮುಂದೆ ಬೇರೆಯವರ ಹೆಸರಿತ್ತು. ಲೆಕ್ಕ ಒಬ್ಬ ಪೋಷಕರಿಗೆ, ಸಾಮಾನಿನ ಕೋಣೆ ಸಹಾಯಕ ನಾಯಕನಿಗೆ. ತಿಂಗಳ ಕಾರ್ಯಕ್ರಮ ರೂಪಿಸುವ ಕೆಲಸ ತಂಡ ನಡೆಸುವ ಮಕ್ಕಳಾದ ಪೆಟ್ರೋಲ್ ಲೀಡರ್‌ಗಳ ಸಭೆ ಕೋರ್ಟ್ ಆಫ್ ಆನರ್‌ಗೆ, ಅಂದರೆ ಅದು ಮೊದಲಿನಿಂದಲೂ ಸೇರಬೇಕಾಗಿದ್ದ ಜಾಗಕ್ಕೆ.

ನಂತರ ಅವರು ನಮ್ಮ ಸಭೆಗಳಿಗೇ ಬಂದರು. ಒಂದು ಪಕ್ಕದಲ್ಲಿ ಕುಳಿತು, ಮಕ್ಕಳು ಎಷ್ಟು ಹೊತ್ತು ಕೇಳುತ್ತಿದ್ದರು, ಎಷ್ಟು ಹೊತ್ತು ಕೈಯಿಂದ ಏನಾದರೂ ಮಾಡುತ್ತಿದ್ದರು ಎಂದು ಗುರುತು ಹಾಕಿಕೊಳ್ಳುತ್ತಿದ್ದರು. ಎರಡು ಕೋಲುಗಳನ್ನು ಅಡ್ಡಡ್ಡ ಬಿಗಿದು ಕಟ್ಟುವ ಸ್ಕ್ವೇರ್ ಲ್ಯಾಶಿಂಗ್ ಕಲಿಸುವ ದಿನ ನನಗೆ ಹೇಳಿದ್ದು ಇಷ್ಟೇ: ಮೊದಲು ಮಾತಿಲ್ಲದೆ ಒಮ್ಮೆ ಕಟ್ಟಿ ತೋರಿಸಿ, ಎರಡನೇ ಸಲ ನಿಧಾನವಾಗಿ, ಆಮೇಲೆ ಹಗ್ಗ ಪೆಟ್ರೋಲ್ ಲೀಡರ್‌ಗಳ ಕೈಗೆ ಕೊಟ್ಟು ಹಿಂದೆ ಸರಿಯಿರಿ. ಕ್ಲೋವ್ ಹಿಚ್ ಎಂಬ ಗಂಟಿನಿಂದ ಶುರು, ಕೋಲುಗಳ ಸುತ್ತ ಸುತ್ತು, ನಡುವೆ ಬಿಗಿಯುವ ಸುತ್ತು, ಮತ್ತೆ ಕ್ಲೋವ್ ಹಿಚ್. ಹದಿಮೂರರ ಹುಡುಗಿಯೊಬ್ಬಳು ತನ್ನ ಪೆಟ್ರೋಲ್‌ಗೆ ಅದನ್ನು ನನಗಿಂತ ಚೆನ್ನಾಗಿ ಕಲಿಸಿದಳು. ಪೆಟ್ರೋಲ್ ಪದ್ಧತಿಯ ಬಗ್ಗೆ ನಾನು ಓದಿದ್ದೆ. ಕಣ್ಣಾರೆ ಕಂಡದ್ದು ಅವತ್ತು.

ಇನ್ನೊಂದು ವಿಷಯ. ಇದನ್ನು ಬರೆಯುವುದು ಸುಲಭವಲ್ಲ. ಒಂದು ಸಂಜೆ ಒಂದು ಮಗು ತನ್ನ ಜೀವನದ ನೋವಿನ ಸಂಗತಿಯೊಂದನ್ನು ನನಗೆ ಹೇಳಿತು. ಏನು, ಯಾರು ಎಂಬುದನ್ನು ಎಲ್ಲಿಯೂ ಹೇಳುವುದಿಲ್ಲ. ಆ ಕ್ಷಣದಲ್ಲಿ ನನಗೆ ದಾರಿ ತೋರಿಸಿದ್ದು ಮಕ್ಕಳ ಸುರಕ್ಷತೆಗಾಗಿ ಸ್ಕೌಟ್ ನಾಯಕರಿಗೆ ಕೊಡುವ ಸೇಫ್ ಫ್ರಮ್ ಹಾರ್ಮ್ ತರಬೇತಿ. ಗಾಬರಿ ತೋರಿಸಬೇಡಿ, ಕೇಳಿಸಿಕೊಳ್ಳಿ. ಉತ್ತರವನ್ನು ಬಾಯಿಗೆ ತುರುಕುವಂಥ ಪ್ರಶ್ನೆ ಕೇಳಬೇಡಿ. "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಬೇಡಿ, ಏಕೆಂದರೆ ಹೇಳಲೇಬೇಕಾಗುತ್ತದೆ. ಹೇಳಿದ್ದು ಒಳ್ಳೆಯದಾಯಿತು ಎಂದು ಮಗುವಿಗೆ ತಿಳಿಸಿ. ಮಗು ಆಡಿದ ಮಾತನ್ನು ಮಗುವಿನ ಪದಗಳಲ್ಲೇ ಅವತ್ತೇ ಬರೆದಿಡಿ. ನೀವೇ ತನಿಖೆಗೆ ಇಳಿಯದೆ ಹೊಣೆ ಇರುವವರಿಗೆ ತಕ್ಷಣ ಮುಟ್ಟಿಸಿ. ತರಬೇತಿಯ ದಿನ ಇವೆಲ್ಲ ನಿಯಮಗಳ ಪಟ್ಟಿಯಂತೆ ಕಂಡಿದ್ದವು. ಆ ಸಂಜೆ ಒಂದೊಂದು ಸಾಲೂ ಕತ್ತಲಲ್ಲಿ ಸಿಕ್ಕ ಕೈಗಂಬಿಯಂತೆ ಹಿಡಿದುಕೊಳ್ಳಲು ಸಿಕ್ಕಿತು.

ಆ ಪಾಠ ಕಲಿಸಿದ ತರಬೇತುದಾರರೇ, ಊಟದ ಬಿಡುವಿನ ನಂತರ ಎಲ್ಲರೂ ದಣಿದಿದ್ದಾಗ ಅದೇ ಅಭ್ಯಾಸವನ್ನು ನೀವು ಪಾತ್ರ ಬದಲಿಸಿ ಬದಲಿಸಿ ಮಾಡಿಸಿದಿರಿ. ನಿಮ್ಮ ಆ ಹಟಕ್ಕೆ ನಾನು ಜೀವಮಾನವಿಡೀ ಆಭಾರಿ. ವರದಿ ತೆಗೆದುಕೊಂಡ ಮಕ್ಕಳ ಸುರಕ್ಷತೆಯ ಅಧಿಕಾರಿಗಳೇ, ನಿಮಗೆ ಎರಡು ನಮಸ್ಕಾರ. ಮಗುವಿನ ಕಡೆಗೆ ಮಾಡಬೇಕಾದದ್ದನ್ನು ಮಾಡಿದಿರಿ. ಆಮೇಲೆ ವಾರ ವಾರ ಫೋನ್ ಮಾಡಿ ನಾನು ನಿದ್ದೆ ಮಾಡುತ್ತಿದ್ದೇನೆಯೇ ಎಂದೂ ವಿಚಾರಿಸಿದಿರಿ. ಸ್ವಯಂಸೇವಕರಿಗೂ ಮನಸ್ಸಿದೆ, ಅದೂ ನೋಯುತ್ತದೆ ಎಂದು ನೆನಪಿಟ್ಟುಕೊಳ್ಳುವ ವ್ಯವಸ್ಥೆ ಎಲ್ಲ ಕಡೆಯೂ ಇರಬೇಕು.

ಪಕ್ಕದ ಪಡೆಯ ನಾಯಕರಿಗೆ ಬೇರೆಯೇ ಸಾಲ ಬಾಕಿಯಿದೆ. ಚಾರಣವಿರಲಿ, ರಾತ್ರಿಯ ಶಿಬಿರವಿರಲಿ, ಒಬ್ಬರೇ ವಯಸ್ಕರು ಮಕ್ಕಳ ಜೊತೆ ಇರಬಾರದು ಎಂಬ ನಿಯಮದಿಂದಾಗಿ ನಮ್ಮ ಶಿಬಿರ ರದ್ದಾಗುವುದರಲ್ಲಿತ್ತು. ನೀವು ನಿಮ್ಮ ರಜೆ ಹಾಕಿ ಬಂದು ನಿಂತಿರಿ. ನಿಮ್ಮ ಅಪಾಯ ಅಂದಾಜಿನ ನಮೂನೆಗಳನ್ನು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಪಟ್ಟಿಯನ್ನು, ಮಳೆ ಬಂದರೆ ಆಡಿಸುವ ಆಟಗಳ ನೋಟ್‌ಬುಕ್ಕನ್ನು ಹಾಗೇ ನನ್ನ ಕೈಗಿಟ್ಟಿರಿ. ಯಾರೋ ಹತ್ತು ಸಲ ತಿದ್ದಿದ ಕಾಗದ ಹೊಸಬರ ಎಷ್ಟು ರಾತ್ರಿಗಳನ್ನು ಉಳಿಸುತ್ತದೆ ಎಂಬುದು ಪಡೆದವರಿಗೇ ಗೊತ್ತು.

ಜಿಲ್ಲೆಯ ಹಿರಿಯರು ನನ್ನೊಡನೆ ಕುಳಿತು ಒಪ್ಪಂದದ ಹಾಳೆ ಬರೆದರು: ಯಾವ ಕೆಲಸ, ಎಷ್ಟು ಕಾಲ, ಅವರು ಕೊಡುವ ನೆರವು ಯಾವುದು. ಅವಧಿ ಮುಗಿದಾಗ ಮತ್ತೆ ಕುಳಿತು ಮಾತಾಡುತ್ತೇವೆ, ಮುಂದುವರಿಯಬಹುದು, ಬೇರೆ ಹೊಣೆ ಹೊರಬಹುದು, ಗೌರವದಿಂದ ನಿಲ್ಲಿಸಲೂಬಹುದು. ಹೊರಗೆ ಹೋಗುವ ಬಾಗಿಲು ತೆರೆದಿದೆ ಎಂದು ತಿಳಿದ ಮೇಲೆಯೇ ಒಳಗೆ ನೆಮ್ಮದಿಯಿಂದ ಕೂರಲು ನನಗೆ ಸಾಧ್ಯವಾಯಿತು.

ಮನೆಯವರಿಗೆ, ಪೋಷಕರಿಗೆ, ನನ್ನ ಪೆಟ್ರೋಲ್ ಲೀಡರ್‌ಗಳಿಗೆ ಎದುರು ನಿಂತೇ ಹೇಳಿದ್ದೇನೆ, ಇಲ್ಲಿ ಮತ್ತೊಮ್ಮೆ.

ಮುಂದಿನ ತಿಂಗಳಿಂದ ನಾನೂ ಒಬ್ಬ ಹೊಸ ನಾಯಕನ ಜೊತೆಗಾರನಾಗಲು ಒಪ್ಪಿದ್ದೇನೆ. ಈಗಷ್ಟೇ ಪಡೆ ವಹಿಸಿಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ತರಬೇತಿ ಶಿಬಿರಕ್ಕೆ ಹೆಸರು ಕೊಡುವಾಗಲೇ "ಶಿಬಿರ ಮುಗಿದ ಮೇಲೆ ನನ್ನ ಪಡೆಗೆ ಬಂದು ನೋಡುವವರು ಯಾರು?" ಎಂದು ಕೇಳಿ. ಉತ್ತರ ಸಿಗದಿದ್ದರೆ ನನಗೆ ಕರೆ ಮಾಡಿ. ಬುಧವಾರದ ಸಂಜೆಗಳನ್ನು ಇದಕ್ಕಾಗಿಯೇ ಬಿಡುವು ಮಾಡಿಕೊಂಡಿದ್ದೇನೆ.