ಬೋಟ್ ಬರಲಿ, ಅದಕ್ಕೂ ಮೊದಲು ಹಗ್ಗ ಬರಲಿ

ಮಾನ್ಯರೇ,

ಮಾರಿಕಣಿವೆ ಡ್ಯಾಮ್ ತುಂಬಿದಾಗೆಲ್ಲ ನಮ್ಮ ಹಿರಿಯೂರಿನ ಹೋಟೆಲ್‌ಗಳಲ್ಲಿ ಒಂದೇ ಮಾತು: ಅಲ್ಲಿಗೆ ಸ್ಪೀಡ್ ಬೋಟ್ ತರಬೇಕು, ರೇಸ್ ನಡೆಸಬೇಕು. ಬೇಡ ಅನ್ನುವವನಲ್ಲ ನಾನು. 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ನಾನೂ ಬಾಯಿಬಿಟ್ಟು ನೋಡಿದವನೇ. ಜಾತ್ರೆಯಂಥ ಜನ. ಕಳ್ಳೇಪುರಿ, ಐಸ್‌ಕ್ರೀಮ್ ಎಲ್ಲ ಇತ್ತು. ಯಾರಾದರೂ ನೀರಿಗೆ ಬಿದ್ದರೆ ಎಳೆಯಲು ಹಗ್ಗ ಹಿಡಿದು ನಿಂತವರು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

2018ರ ನವೆಂಬರ್‌ನಲ್ಲಿ ವಿಜಯವಾಡದ ಬಳಿ ಕೃಷ್ಣಾ ನದಿಯಲ್ಲಿ ಎಫ್‌1 ಪವರ್‌ಬೋಟ್ ರೇಸ್ ನಡೆಯಿತು. ಗಂಟೆಗೆ 200 ಕಿ.ಮೀ. ದಾಟುವ ಬೋಟ್‌ಗಳು. ನೋಡಲು ಹೋಗಿದ್ದ ನನ್ನ ಮಗ ಬಂದು ಹೇಳಿದ್ದು ಅವುಗಳ ಕಥೆಯಲ್ಲ, ಪಕ್ಕದಲ್ಲಿ ಸುಮ್ನೆ ನಿಂತಿದ್ದ ರಕ್ಷಣಾ ಬೋಟ್‌ಗಳ ಕಥೆ. ಮುಳುಗು ತಜ್ಞರು ಉಡುಪು ತೊಟ್ಟು ಸಿದ್ಧವಾಗಿಯೇ ಕೂತಿರುತ್ತಾರೆ. ರೇಸ್ ಬೋಟ್ ಮಗುಚಿದರೆ ಚಾಲಕ ಬೆಲ್ಟ್ ಸಮೇತ ತಲೆಕೆಳಗಾಗಿ ನೀರಿನೊಳಗೆ. ಅವನಿಗೂ ರಿಯಾಯಿತಿ ಇಲ್ಲ: ರೇಸಿಗೆ ಮೊದಲೇ, ಸೀಟಿಗೆ ಕಟ್ಟಿ, ನೀರಲ್ಲಿ ಮಗುಚಿ, ತಾನೇ ಹೊರಗೆ ಬರುವ ಪರೀಕ್ಷೆ ಪಾಸಾಗಿರಬೇಕು. ಬ್ರಿಟನ್, ಅಮೆರಿಕದ ರೇಸ್‌ಗಳಲ್ಲಿ ಇಂಥ ರಕ್ಷಣೆಗೆ ಎಷ್ಟೋ ಜನ ಸ್ವಯಂಸೇವಕರಾಗಿ ಬರುತ್ತಾರಂತೆ. ವಾರವೆಲ್ಲ ಬೇರೆ ಕೆಲಸ, ರಜೆಯ ದಿನ ಈ ಕಾವಲು.

ಕಾವಲು ಪಕ್ಕದಲ್ಲೇ ಯಾಕೆ ಬೇಕು ಅಂದರೆ, ಉಸಿರು ನಿಂತ ನಾಲ್ಕೈದು ನಿಮಿಷಕ್ಕೆ ಮೆದುಳು ಸೋಲಲು ಶುರುವಾಗುತ್ತದೆ. ಪಟ್ಟಣದಿಂದ ಡ್ಯಾಮಿಗೆ ರಕ್ಷಣಾ ವಾಹನ ಎಷ್ಟೇ ಜೋರಾಗಿ ಬಂದರೂ ಅಷ್ಟರಲ್ಲಿ ಮುಟ್ಟಲ್ಲ. ಆಮೇಲೆ ಉಳಿಯುವುದು ಪಾತಾಳಗರಡಿ (ಹಗ್ಗಕ್ಕೆ ಕಟ್ಟಿದ ಕೊಕ್ಕೆಗಳ ಗೊಂಚಲು) ಹಾಕಿ ಹುಡುಕುವ ಕೆಲಸ. ಹಿನ್ನೀರಿನಲ್ಲಿ ಮೀನು ಹಿಡಿಯುವ ಹುಡುಗನೊಬ್ಬ ನನಗೆ ಹೇಳಿದ್ದ, "ಹೆಣ ತೆಗೆಯೋಕೆ ಮಾತ್ರ ನಮ್ಮನ್ನ ಕರೀತಾರೆ ಸಾರ್. ರಾತ್ರಿನೂ ಬಂದು ಬಾಗ್ಲು ಬಡೀತಾರೆ."

ನನ್ನ ಮಾತು ಇಷ್ಟೇ. ಆ ಹುಡುಗರನ್ನೇ ಮೊದಲು ಕರೆಯಿರಿ. ನೀರಿನ ಆಳ, ಸೆಳೆತ, ಕೆಸರು ಅವರಿಗೆ ಗೊತ್ತು. ಗೊತ್ತಿಲ್ಲದ್ದನ್ನು ಕಲಿಸಬೇಕು. ಈಜು ಬರುತ್ತದೆ ಅಂತ ಹಾರಿದವನನ್ನೇ ಮುಳುಗುವವನು ಅಪ್ಪಿ ಹಿಡಿಯುತ್ತಾನೆ, ಒಂದರ ಬದಲು ಎರಡು ಜೀವ ಹೋಗುತ್ತದೆ. ಹಾಗಾಗಿ ಮೊದಲು ಹಗ್ಗ, ಲಾರಿ ಟ್ಯೂಬು, ಏನೂ ಸಿಗದಿದ್ದರೆ ಉಟ್ಟ ಪಂಚೆಯನ್ನಾದರೂ ಎಸೆಯಬೇಕು. ದಡಕ್ಕೆ ತಂದ ಮೇಲೆ ಹೊಟ್ಟೆ ಒತ್ತಿ ನೀರು ಕಕ್ಕಿಸಲು ಹೋಗಬಾರದು. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಗಾಳಿ ಕೊಡಬೇಕು, ಎದೆ ಒತ್ತಬೇಕು. (ನಾನೂ ಅರವತ್ತು ದಾಟುವವರೆಗೆ ಹೊಟ್ಟೆ ಒತ್ತುವುದೇ ಸರಿ ಅಂದುಕೊಂಡಿದ್ದೆ.)

ಜಿಲ್ಲಾಡಳಿತ ಅವರಿಗೆ ತರಬೇತಿ, ಲೈಫ್ ಜಾಕೆಟ್, ವಿಮೆ ಕೊಡಲಿ. ಜನ ಸೇರುವ ದಿನ ಕೂಲಿಯನ್ನೂ ಕೊಡಲಿ. ಸ್ವಯಂಸೇವೆ ಅಂತ ಬಡವರ ಒಂದು ದಿನದ ಮೀನು ಕಿತ್ತುಕೊಳ್ಳುವುದು ಸರಿಯಲ್ಲ ಅಲ್ವಾ? ಚನ್ನಗಿರಿ ಕಡೆಯ ಸೂಳೆಕೆರೆ, ಹರಿಹರದ ಹೊಳೆ ದಂಡೆ, ಗಣೇಶ ಬಿಡುವ ಕೆರೆಗಳಿಗೂ ಇಂಥ ತಂಡ ಬೇಕು. ಬೋಟಿನ ಟೆಂಡರ್ ಆಮೇಲೆ ಕರೆದರಾಯಿತು.

– ನಿವೃತ್ತ ಶಿಕ್ಷಕ, ಹಿರಿಯೂರು