ಟ್ಯಾಂಕಿನ ಬಣ್ಣ ಚೆನ್ನಾಗಿದೆ, ಚೈನಿನ ಲಾಕ್ ನೋಡು

ದಾವಣಗೆರೆ
ಬುಧವಾರ ರಾತ್ರಿ

ಚಿರಂಜೀವಿ ಮಂಜುವಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನೀನು ಕಳಿಸಿದ ಬುಲೆಟ್ಟಿನ ಫೋಟೋಗಳನ್ನು ನಿಮ್ಮತ್ತೆಗೂ ತೋರಿಸಿದೆ. "ಮದುವಣಗಿತ್ತಿ ಕೂತಂಗೆ ಕೂತೈತಲ್ರೀ" ಅಂದಳು. ನಿಜವೇ. ಆ ಕಡುಹಸಿರು ಟ್ಯಾಂಕು, ಅದರ ಮೇಲೆ ಕೈಯಲ್ಲೇ ಎಳೆದ ಬಂಗಾರದ ಗೆರೆ, ಎರಡೂ ಬದಿಗೆ ಒಂದೇ ಬಾಗು. ಹಿಂದೆ ನಮ್ಮೂರ ಲಾರಿ ಪೇಂಟರುಗಳು ಟೇಪು ಅಂಟಿಸದೆ ಉಸಿರು ಬಿಗಿಹಿಡಿದು ಇಂಥ ಗೆರೆ ಎಳೆಯುತ್ತಿದ್ದರು. ಈಗ ಎಲ್ಲ ಸ್ಟಿಕ್ಕರು. ನಿನ್ನ ಕೈಗೆ ಆ ಗುಣ ಬಂದಿದೆ, ಅದಕ್ಕೆ ಹೆಮ್ಮೆಪಡು. ನಾನೂ ಪಟ್ಟೆ.

ಆದರೆ ಮೂರನೇ ಫೋಟೋ ದೊಡ್ಡದು ಮಾಡಿ ನೋಡು. ಚೈನಿನ ಮೇಲಿನ ಸಾಲಿನಲ್ಲಿ ಅದರ ತುದಿಗಳನ್ನು ಸೇರಿಸುವ ಲಾಕ್ ಕ್ಲಿಪ್ಪು ಕಾಣುತ್ತದೆ, ಅದರ ಬಾಯಿ ಎಂಜಿನ್ ಕಡೆಗಿದೆ. ಮೇಲಿನ ಸಾಲು ಓಡುವುದು ಮುಂದಕ್ಕೆ. ಮುಚ್ಚಿದ ತುದಿ ಓಡುವ ದಿಕ್ಕಿಗಿರಬೇಕು, ಬಾಯಿ ಹಿಂದಕ್ಕೆ. ತಿರುವುಮುರುವಾದರೆ ಏನಾದರೂ ತಗುಲಿದಾಗ ಕ್ಲಿಪ್ಪು ಹಾರಿಹೋಗುತ್ತದೆ, ಅದರ ಹಿಂದೆಯೇ ಚೈನು. ಹೆಡ್‌ಲೈಟಿನ ಹಿಂದೆ ವೈರಿನ ಕಟ್ಟನ್ನೂ ಬಹಳ ಬಿಗಿ ಎಳೆದು ಕಟ್ಟಿದ್ದೀ. ನೋಡಲು ಚೊಕ್ಕ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದೆಯಾ? ಫೋಟೋದಲ್ಲಿ ಗಾಡಿ ನೆಟ್ಟಗೆ ನಿಂತಿರುತ್ತದೆ, ರಸ್ತೆಯಲ್ಲಿ ಹಾಗಲ್ಲ.

ಇವೆರಡು ಅರ್ಧ ಗಂಟೆಯ ಕೆಲಸ, ಬಿಡು. ನಾನು ಪೆನ್ನು ಹಿಡಿದು ಕೂತದ್ದು ಬೇರೆ ಮಾತಿಗೆ. ಮೊನ್ನೆ ಫೋನಿನಲ್ಲಿ ರಿಂಗ್ ಗ್ಯಾಪ್, ಅಂದರೆ ಪಿಸ್ಟನ್ ಸುತ್ತ ಕೂರುವ ರಿಂಗಿನ ಎರಡು ತುದಿಗಳ ನಡುವಿನ ಸಂದು, ಎಷ್ಟು ಬಂತು ಅಂತ ಕೇಳಿದೆ. "ಹೊಸ ಕಿಟ್ಟು ಮಾವ, ಸರಿಯಾಗೇ ಇರುತ್ತೆ. ಕೈಗೆ ಗೊತ್ತಾಗುತ್ತಲ್ಲ" ಅಂದೆ. ಆ ಮಾತು ಕೇಳಿ ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ, ಯಾಕೆಂದರೆ ಅದು ನನ್ನದೇ ಮಾತು.

1991ರ ಬೇಸಿಗೆ. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಪಿ.ಬಿ. ರಸ್ತೆಯಲ್ಲಿ ನನ್ನ ಶೆಡ್ಡಿಗೆ ಗಿರಾಕಿಗಳು ಸಾಲುಗಟ್ಟುತ್ತಿದ್ದರು. ಗಾಡಿ ಗೇಟಿಗೆ ಬರುವ ಮೊದಲೇ ಸದ್ದು ಕೇಳಿ ರೋಗ ಹೇಳುತ್ತೇನೆ ಅನ್ನುವ ಸೊಕ್ಕು ನನಗೆ. ಹೇಳುತ್ತಲೂ ಇದ್ದೆ, ಹತ್ತಕ್ಕೆ ಒಂಬತ್ತು ಸರಿಯಾಗುತ್ತಿತ್ತು. ಹಾಳು ಮಾಡಿದ್ದೇ ಆ ಒಂಬತ್ತು. ಒಬ್ಬ ಮೇಷ್ಟ್ರ ಬುಲೆಟ್ಟಿಗೆ ಬೋರನ್ನು, ಅಂದರೆ ಬ್ಯಾರಲ್ಲಿನೊಳಗೆ ಪಿಸ್ಟನ್ ಓಡುವ ತೂತನ್ನು, ಮತ್ತೆ ಕೊರೆದು ರೀಬೋರ್ ಮಾಡಿ, ಹೊಸ ರಿಂಗು ಹಾಕಿ, ಗ್ಯಾಪ್ ನೋಡದೆ ಮುಚ್ಚಿದೆ. ಕಿಕ್ ಹೊಡೆದರೆ ಒಂದೇ ಏಟಿಗೆ ಸ್ಟಾರ್ಟು, ಗಡಿಯಾರದ ಹಾಗೆ ಐಡ್ಲಿಂಗು. ಮೇಷ್ಟ್ರು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ದುರ್ಗಕ್ಕೆ ಹೊರಟರು. ಭರಮಸಾಗರ ದಾಟಿದ ಮೇಲೆ ಎಂಜಿನ್ ಹಿಡಿದುಕೊಂಡಿತು, ಹಿಂದಿನ ಚಕ್ರ ಅಲ್ಲೇ ಲಾಕ್. ಪುಣ್ಯಕ್ಕೆ ಅವರು ಕ್ಲಚ್ ಹಿಡಿದರು, ಪುಣ್ಯಕ್ಕೆ ಹಿಂದೆ ಲಾರಿ ಇರಲಿಲ್ಲ.

ಬಿಚ್ಚಿ ನೋಡಿದರೆ ಬೋರಿನ ಉದ್ದಕ್ಕೂ ಉಗುರಿನಲ್ಲಿ ಗೀರಿದಂತೆ ಗೆರೆಗಳು. ರಿಂಗಿನ ಎರಡು ತುದಿಗಳ ನಡುವೆ ಜಾಗವೇ ಉಳಿದಿರಲಿಲ್ಲ. ಕಾದಾಗ ರಿಂಗು ಉದ್ದವಾಗುತ್ತದೆ, ತುದಿಗೆ ತುದಿ ಮುಟ್ಟಿದ ಮೇಲೆ ಹೋಗಲು ದಾರಿಯಿಲ್ಲದೆ ಬೋರನ್ನೇ ಒತ್ತಿ ಕೆರೆಯುತ್ತದೆ. 350 ಸಿ.ಸಿ. ಬುಲೆಟ್ಟಿನ ಬೋರು 70 ಮಿ.ಮೀ. ತಣ್ಣಗಿರುವಾಗ ಹೆಚ್ಚುಕಡಿಮೆ 0.3 ಮಿ.ಮೀ. ಸಂದು ಬೇಕು. ಒಂದು ರಿಂಗನ್ನು ಬೋರಿನೊಳಗೆ ಇಳಿಸಿ, ಪಿಸ್ಟನ್ ತಲೆಯಿಂದ ತಳ್ಳಿ ಸಮ ಮಾಡಿ, ಸಂದು ಅಳೆಯುವ ತೆಳು ಪಟ್ಟಿ, ಆ ಫೀಲರ್ ಗೇಜ್ ತೂರಿಸಿ ನೋಡಲು ಎರಡು ನಿಮಿಷ ಸಾಕಿತ್ತು. ಹೊಸ ಬ್ಯಾರಲ್ಲು, ಪಿಸ್ಟನ್ನು ನನ್ನ ಖರ್ಚಿನಲ್ಲೇ ಹಾಕಿಕೊಟ್ಟೆ. ಮೇಷ್ಟ್ರು ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಕೈ ಪಳಗದವನು ಹೆದರಿಕೊಂಡಾದರೂ ಅಳೆಯುತ್ತಾನೆ ಮಂಜು. ಕೈ ಪಳಗಿದ ಮೇಲೆ ಅಳೆಯಲು ನಾಚಿಕೆ ಶುರುವಾಗುತ್ತದೆ, ಇಷ್ಟು ವರ್ಷವಾದರೂ ಇವನಿಗೆ ಗೇಜು ಬೇಕಾ ಅಂತ ಜನ ಅಂದಾರು ಅಂತ. ನಿನಗೀಗ ಆ ವಯಸ್ಸು.

ನನಗೆ ಲೇತ್ ಕಲಿಸಿದವರು ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದವರು, 1941ರಲ್ಲಿ ಶುರುವಾಗಿ ಲೇತ್‌ಗಳನ್ನೇ ತಯಾರಿಸುತ್ತಿದ್ದ ಆ ಮೈಸೂರು ಕಿರ್ಲೋಸ್ಕರ್. ಬೋರ್ ಮಾಡಿದ ಬ್ಯಾರಲ್ಲನ್ನು ಬಿಸಿಯಲ್ಲಿ ಮುಟ್ಟಲು ಬಿಡುತ್ತಿರಲಿಲ್ಲ. "ಅದೂ ತಣ್ಣಗಾಗಲಿ, ನೀನೂ ತಣ್ಣಗಾಗು, ಚಾ ಕುಡಿದು ಬಾ" ಅನ್ನುತ್ತಿದ್ದರು. ಚಾ ಚಟ ಅಂದುಕೊಂಡಿದ್ದೆ. ಆಮೇಲೆ ಲೆಕ್ಕ ಹಾಕಿದೆ: 70 ಮಿ.ಮೀ. ಬೀಡುಕಬ್ಬಿಣದ ಬೋರು 40 ಡಿಗ್ರಿ ಹೆಚ್ಚು ಕಾದರೆ ಸುಮಾರು 0.03 ಮಿ.ಮೀ. ಹಿಗ್ಗುತ್ತದೆ. ಬಿಸಿಯಲ್ಲಿ ಸರಿ ಬಂದ ಅಳತೆ ಬೆಳಗಾಗುವುದರೊಳಗೆ ಬಿಗಿ. ಅಲ್ಯೂಮಿನಿಯಂ ಪಿಸ್ಟನ್ನು ಹಿಗ್ಗುವುದು ಕಬ್ಬಿಣದ ಎರಡರಷ್ಟು, ಅದಕ್ಕೇ ಪಿಸ್ಟನ್ನಿಗೂ ಬೋರಿಗೂ ನಡುವಿನ ಕ್ಲಿಯರೆನ್ಸಿನಲ್ಲಿ ಚೌಕಾಸಿ ನಡೆಯುವುದಿಲ್ಲ. ನಿನ್ನ ಶೆಡ್ಡಿಗೆ ತಗಡಿನ ಮಾಡು. ಏಪ್ರಿಲ್ ಮಧ್ಯಾಹ್ನ ಅಳೆಯಬೇಡ. ರಾತ್ರಿಯಿಡೀ ಬ್ಯಾರಲ್ಲು, ಪಿಸ್ಟನ್ನು, ಮೈಕ್ರೋಮೀಟರು ಒಂದೇ ಮೇಜಿನ ಮೇಲಿರಲಿ, ಬೆಳಿಗ್ಗೆ ಎದ್ದು ಅಳೆ. ಬೋರನ್ನು ಮೇಲೆ, ನಡುವೆ, ಕೆಳಗೆ, ಉದ್ದಕ್ಕೆ ಒಮ್ಮೆ ಅಡ್ಡಕ್ಕೆ ಒಮ್ಮೆ ನೋಡು, ಆರು ಅಂಕಿ ಆಯಿತು. ಬರೆದಿಡು.

ಹೌದು, ಬರೆದಿಡು. ಆ ವರ್ಷದಿಂದ ನಾನು ಒಂದೊಂದು ಎಂಜಿನ್ನಿಗೂ ಒಂದು ಪುಟ ಇಟ್ಟಿದ್ದೇನೆ, ಇನ್ನೂರು ಪುಟದ ಲಾಂಗ್ ಬುಕ್ಕು, ಈಗ ಒಂಬತ್ತಾಗಿವೆ. ಮಸಿ, ಎಣ್ಣೆ, ಒಂದರಲ್ಲಿ ನಿನ್ನ ತಂಗಿ ಚಿಕ್ಕವಳಿದ್ದಾಗ ಬರೆದ ಆನೆಯೂ ಇದೆ. ನಾನು ಅಳೆಯದೆ ಬಿಟ್ಟದ್ದು ಅದರಲ್ಲಿ ಖಾಲಿ ಜಾಗವಾಗಿ ಕಾಣುತ್ತದೆ. ಖಾಲಿ ಬಿಟ್ಟು ಗಾಡಿ ಕೊಡಲು ಮನಸ್ಸು ಒಪ್ಪುವುದಿಲ್ಲ.

ಇನ್ನೊಂದು. ನಿನ್ನ ಗಿರಾಕಿ ಜೋರು ಸದ್ದಿನ ಸೈಲೆನ್ಸರು, ಜೊತೆಗೆ 500 ಸಿ.ಸಿ.ಯ ಬ್ಯಾರಲ್ಲು ಕೇಳುತ್ತಿದ್ದಾನೆ ಅಂದೆಯಲ್ಲ. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ಆರ್.ಸಿ.ಯಲ್ಲಿರುವ ತಯಾರಕರ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಆಗಲ್ಲ ಅಂತ ಈಗಲೇ ಹೇಳು. ಇನ್ನು ಸದ್ದಿನ ವಿಷಯ, ಗಣಪತಿ ಮೆರವಣಿಗೆಯಲ್ಲಿ ನಾವು ಕೇಳುವುದು ಸಾಲದೆ?

ಅವನಿಗೆ ಶನಿವಾರ ಗಾಡಿ ಕೊಡುತ್ತೇನೆ ಅಂದಿದ್ದೀ, ಗೊತ್ತು. ಫೋನ್ ಮಾಡಿ ಇನ್ನೊಂದು ವಾರ ಬೇಕು ಅನ್ನು. ಕಾರಣ ಕೇಳಿದರೆ ರಿಂಗ್ ಗ್ಯಾಪ್ ನೋಡಿರಲಿಲ್ಲ ಅಂತ ಇದ್ದದ್ದು ಇದ್ದಹಾಗೆ ಹೇಳು, ಕರೆಂಟು, ಪಾರ್ಟು ಅಂತ ನೆಪ ಹೂಡಬೇಡ. ಮುಖ ಸಣ್ಣದಾಗುತ್ತದೆ, ಆಗಲಿ.

ಭಾನುವಾರ ಬೆಳಗಿನ ಬಸ್ಸಿಗೆ ಬಾ. ಬ್ಯಾರಲ್ಲು, ಪಿಸ್ಟನ್ನು, ರಿಂಗು ಮೂರೂ ತಾ. ಗೋಣಿಚೀಲದಲ್ಲಿ ಸುತ್ತಬೇಡ, ನಾರು ಒಳಗೆ ಹೋಗುತ್ತದೆ, ಹಳೆಯ ಹತ್ತಿ ಪಂಚೆ ಸಾಕು. ಹೋದ ಯುಗಾದಿಗೆ ಒಯ್ದ ನನ್ನ ಬೋರ್ ಗೇಜನ್ನೂ ತಾ, ಮರೆತೆ ಅನ್ನಬೇಡ. ನಿಮ್ಮತ್ತೆ ಮಂಡಕ್ಕಿ ಮೆಣಸಿನಕಾಯಿ ಮಾಡುತ್ತಾಳಂತೆ. ಕೈ ತೊಳೆದ ಮೇಲೆ ಅದು, ಮೊದಲು ಅಳತೆ.

ಇಂತಿ,
ನಿನ್ನ ಮಾವ