ಕೂಪರ್ ಎಂದರೆ ತಾಮ್ರ ಬಡಿಯುವವನಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಯುರೋಪಿನ ಹಳೆಯ ಕಸುಬುದಾರರ ಶ್ರೇಣಿಗಳ (ಗಿಲ್ಡ್, ಅಂದರೆ ಕಸುಬಿನ ಸಂಘಗಳ) ಬಗ್ಗೆ ಬಂದ ಲೇಖನದಲ್ಲಿ ಲಂಡನಿನ ‘ಕೂಪರ್ಸ್ ಕಂಪನಿ’ಯನ್ನು ತಾಮ್ರದ ಕೆಲಸದವರ ಸಂಘ ಎಂದು ಬರೆದು, ಪಕ್ಕದಲ್ಲಿ ಹಂಡೆಯ ಚಿತ್ರವನ್ನೂ ಹಾಕಿದ್ದೀರಿ. ಕಾಪರ್ ಬೇರೆ, ಕೂಪರ್ ಬೇರೆ. ಕೂಪರ್ ಎಂದರೆ ಮರದ ಪೀಪಾಯಿ ಕಟ್ಟುವವನು. ಒಂದು ಅಕ್ಷರದ ಎಡವಟ್ಟು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಲೇಖನ ಮುಂದೆ ಹೋಗಿ ಇದನ್ನು ‘ಮದ್ಯ ವ್ಯಾಪಾರಿಗಳ ಕೂಟ’ ಎಂದೂ ‘ಅಲ್ಲಿನ ಕುಲಕಸುಬು’ ಎಂದೂ ಕರೆದಿದೆ. ಅವೆರಡೂ ಸರಿಯಲ್ಲ.

ಪೀಪಾಯಿ ಎಂಬ ಮಾತು ನಮಗೆ ಬಂದದ್ದು ಪೋರ್ಚುಗೀಸರ ‘ಪೀಪ’ದಿಂದ. ಕಾಸರಗೋಡಿನಲ್ಲಿ ಮಲಯಾಳದವರ ಬಾಯಲ್ಲಿ ಅದೇ ‘ವೀಪ್ಪ’. ಇಂಗ್ಲಿಷರಲ್ಲಿ ‘ಪೈಪ್’ ಎಂಬುದು ಪೀಪಾಯಿಯ ಹೆಸರೂ ಹೌದು, ಅಳತೆಯ ಹೆಸರೂ ಹೌದು: 126 ಗ್ಯಾಲನ್. ಅದರ ಇಮ್ಮಡಿ 252 ಗ್ಯಾಲನ್‌ಗೆ ‘ಟನ್’, ಅರ್ಧ 63ಕ್ಕೆ ‘ಹಾಗ್ಸ್‌ಹೆಡ್’, ಮೂರನೆಯ ಒಂದು ಪಾಲು 42ಕ್ಕೆ ‘ಟಿಯರ್ಸ್’. ಹಡಗಿನಲ್ಲಿ ಇಂಥ ಎಷ್ಟು ಟನ್ ಹಿಡಿಸುತ್ತದೆ ಎಂಬ ಲೆಕ್ಕದಿಂದಲೇ ಹಡಗಿನ ‘ಟನೇಜ್’ ಹುಟ್ಟಿತು. ಇಂದು ಕಚ್ಚಾತೈಲದ ಬೆಲೆ ಹೇಳುವಾಗ ಬರುವ ಬ್ಯಾರೆಲ್ ಕೂಡ 42 ಅಮೆರಿಕನ್ ಗ್ಯಾಲನ್, ಸುಮಾರು 159 ಲೀಟರ್.

ನಮ್ಮ ಅಕ್ಕಿ ಮುಡಿಯೂ 42 ಸೇರು ಎಂಬುದು ಬರೀ ಕಾಕತಾಳೀಯ. ಆದರೆ ಮುಡಿಯನ್ನು ನೆನೆದರೆ ಈ ಶ್ರೇಣಿಯ ಗುಟ್ಟು ನಮ್ಮ ಊರಿನವರಿಗೆ ಬೇಗ ತಿಳಿಯುತ್ತದೆ. 14 ಸೇರಿಗೆ ಒಂದು ಕಳಸಿಗೆ, 3 ಕಳಸಿಗೆಗೆ ಒಂದು ಮುಡಿ. ಬೈಹುಲ್ಲು ಸುತ್ತಿ ಹಗ್ಗ ಬಿಗಿದ ಮೇಲೆ ಅದು ಅಕ್ಕಿ ಕಾಯುವ ಕಟ್ಟೂ ಹೌದು, ಲೆಕ್ಕದ ಮಾನವೂ ಹೌದು. ಗೇಣಿ ಅಳೆಯುವಾಗ ಯಾರೂ ಬಿಚ್ಚಿ ನೋಡುತ್ತಿರಲಿಲ್ಲ. ಪೀಪಾಯಿಯೂ ಹಾಗೆಯೇ. ಒಳಗೆ ಎಷ್ಟಿದೆ ಎಂಬುದಕ್ಕೆ ಅದನ್ನು ಕಟ್ಟಿದವನ ಕೈಯೇ ಸಾಕ್ಷಿ.

ಹಾಗಾಗಿ ಮೋಸವೂ ಅಲ್ಲಿಯೇ. 36 ಗ್ಯಾಲನ್ ಪೀಪಾಯಿಯ ಒಳ ತ್ರಿಜ್ಯ ಸರಾಸರಿ 27 ಸೆಂಟಿಮೀಟರ್ ಎಂದುಕೊಳ್ಳಿ. ಹಲಗೆಯನ್ನು ಒಳಗಡೆ ಒಂದೇ ಸೆಂಟಿಮೀಟರ್ ದಪ್ಪ ಬಿಟ್ಟರೆ ತ್ರಿಜ್ಯ 26 ಆಗುತ್ತದೆ. ಗಾತ್ರ ತ್ರಿಜ್ಯದ ವರ್ಗದಂತೆ ಇಳಿಯುವುದರಿಂದ ನೂರಕ್ಕೆ ಏಳರಷ್ಟು, ಅಂದರೆ ಎರಡೂವರೆ ಗ್ಯಾಲನ್ ಮಾಯ. ಹೊರಗಿನಿಂದ ನೋಡಿದವರಿಗೆ ಕೂದಲಿನಷ್ಟೂ ವ್ಯತ್ಯಾಸ ಕಾಣುವುದಿಲ್ಲ. ತೋಟಕ್ಕೆ ಮದ್ದು ಬಿಡುವವರಿಗೆ ಇದನ್ನು ವಿವರಿಸಬೇಕಿಲ್ಲ: 200 ಲೀಟರಿನ ಬ್ಯಾರೆಲ್ ಎಂದು ನಂಬಿ 2 ಕಿಲೋ ಮೈಲುತುತ್ತು, 2 ಕಿಲೋ ಸುಣ್ಣ ಹಾಕುತ್ತೇವೆ. ಬ್ಯಾರೆಲ್ಲೇ ಚಿಕ್ಕದಾದರೆ ಬೋರ್ಡೋ ದ್ರಾವಣ ಶೇಕಡಾ ಒಂದರದ್ದಾಗಿ ಉಳಿಯುವುದಿಲ್ಲ. (ಆ ‘ಬೋರ್ಡೋ’ ಕೂಡ ದ್ರಾಕ್ಷಾರಸದ ಪೀಪಾಯಿಗಳಿಗೆ ಹೆಸರಾದ ಫ್ರಾನ್ಸಿನ ಊರೇ. ಲೇಖಕರಿಗೆ ತಾಮ್ರ ಬೇಕಿದ್ದರೆ ಈ ಮೈಲುತುತ್ತಿನಲ್ಲಿ ಸಿಗುತ್ತಿತ್ತು.)

ಲಂಡನಿನ ಶ್ರೇಣಿಯ ದಾಖಲೆಗಳಲ್ಲಿ ಮತ್ತೆ ಮತ್ತೆ ಬರುವುದು ಈ ಅಳತೆಯ ಮಾತೇ, ಅದರ ಜೊತೆಗೆ ಮರದ ಗುಣದ ಮಾತು. 14ನೇ ಶತಮಾನದ ಕೊನೆಗೆ ಬಂದ ದೂರು, ಎಣ್ಣೆ ಮತ್ತು ಸಾಬೂನು ತುಂಬಿದ್ದ ಹಳೆಯ ಪೀಪಾಯಿಗಳ ಹಲಗೆಯಿಂದ ಕೆಲವರು ಏಲ್ (ಬಿಯರಿನಂಥ ಮದ್ಯ) ತುಂಬುವ ಪೀಪಾಯಿ ಮಾಡುತ್ತಾರೆ, ಒಳಗಿನ ಪಾನೀಯ ಕೆಡುತ್ತದೆ ಎಂಬುದು. ಮರ ಒಮ್ಮೆ ಕುಡಿದ ಎಣ್ಣೆಯನ್ನು ಎಷ್ಟು ತೊಳೆದರೂ ಬಿಡುವುದಿಲ್ಲ. 1420ರಲ್ಲಿ ಪ್ರತಿಯೊಬ್ಬ ಕೂಪರ್ ತನ್ನದೇ ಕಬ್ಬಿಣದ ಮುದ್ರೆ ಇಟ್ಟುಕೊಂಡು, ಕಟ್ಟಿದ ಪೀಪಾಯಿಗೆ ಅದನ್ನು ಒತ್ತಬೇಕು, ಮುದ್ರೆಯ ಗುರುತು ನಗರಾಡಳಿತದ ಕಚೇರಿಯಾದ ಗಿಲ್ಡ್‌ಹಾಲಿನಲ್ಲಿ ದಾಖಲಾಗಿರಬೇಕು ಎಂದಾಯಿತು. ಸೋರಿದರೂ ಅಳತೆ ತಪ್ಪಿದರೂ ಯಾರ ಕೈ ಎಂದು ತಿಳಿಯುತ್ತದೆ. 1501ರಲ್ಲಿ 7ನೇ ಹೆನ್ರಿ ಶ್ರೇಣಿಗೆ ರಾಜಸನದು ಕೊಟ್ಟ. 1531ರ ಕಾನೂನು ಏಲ್ ಪೀಪಾಯಿ 32 ಗ್ಯಾಲನ್, ಬಿಯರ್ ಪೀಪಾಯಿ 36 ಎಂದು ಗೊತ್ತು ಮಾಡಿ, ಬಿಯರ್ ಕುದಿಸುವವರು ತಾವೇ ಪೀಪಾಯಿ ಮಾಡಿಕೊಳ್ಳಬಾರದು ಎಂದಿತು. ಪಾತ್ರೆಗಳನ್ನು ಹುಡುಕಿ ಪರೀಕ್ಷಿಸುವ ಅಧಿಕಾರ ಶ್ರೇಣಿಯ ಮುಖ್ಯರಿಗೆ ಸಿಕ್ಕಿತು. ತುಂಬಿ ಮಾರುವವನೇ ಅಳತೆಪಾತ್ರೆ ಮಾಡಬಾರದು ಎಂಬುದು ಇದರ ತಿರುಳು. ಇಂಥವರನ್ನು ಮದ್ಯ ವ್ಯಾಪಾರಿಗಳ ಕೂಟ ಎಂದರೆ ಹೇಗೆ? ಉಪ್ಪುಮೀನು, ಹಿಟ್ಟು, ಮದ್ದಿನಪುಡಿ ಹೋಗುತ್ತಿದ್ದದ್ದೂ ಪೀಪಾಯಿಯಲ್ಲೇ. ಜರ್ಮನಿಯ ಹನ್ಸಾ ಎಂಬ ವ್ಯಾಪಾರಿ ಒಕ್ಕೂಟದವರು ಹೆರಿಂಗ್ ಮೀನಿಗೆ ರಾಸ್ಟಾಕ್ ಊರಿನ ಪೀಪಾಯಿಯನ್ನೇ ಮಾನವಾಗಿ ಹಿಡಿದಿದ್ದರು.

ಕೆಲಸದ ವಿಚಾರಕ್ಕೆ ಬಂದರೆ, ‘ಹಲಗೆ ಬಗ್ಗಿಸಿ ಮೊಳೆ ಹೊಡೆಯುತ್ತಾರೆ’ ಎಂಬ ಸಾಲು ಓದಿ ನಗು ಬಂತು. ಪೀಪಾಯಿಯ ಹಲಗೆಗಳ ನಡುವೆ ಮೊಳೆಯೂ ಇಲ್ಲ, ಅಂಟೂ ಇಲ್ಲ. ಓಕ್ ದಿಮ್ಮಿಯನ್ನು ಗರಗಸದಿಂದ ಸಿಕ್ಕಾಪಟ್ಟೆ ಕೊಯ್ಯುವುದಿಲ್ಲ. ನಡುವಿನಿಂದ ಹೊರಕ್ಕೆ, ಹಲಸಿನ ಹಣ್ಣಿನ ಕಡಿ ಮಾಡುವ ಹಾಗೆ, ಸೀಳುತ್ತಾರೆ. ಓಕ್‌ನಲ್ಲಿ ತಿರುಳಿನಿಂದ ತೊಗಟೆಯ ಕಡೆಗೆ ಹೋಗುವ ಅಗಲವಾದ ಎಳೆಗಳಿವೆ. ಹೀಗೆ ಸೀಳಿದರೆ ಅವು ಹಲಗೆಯ ಅಗಲಕ್ಕೆ ಮಲಗುತ್ತವೆ. ಅಡ್ಡ ಕೊಯ್ದರೆ ಅವೇ ಒಳಗಿನಿಂದ ಹೊರಗೆ ಸೋರುವ ದಾರಿ. ತೊಗಟೆಯ ಪಕ್ಕದ ಬಿಳಿ ಮರ ತೆಗೆದುಬಿಡಬೇಕು, ಅದರ ಕೊಳವೆಗಳು ಮುಚ್ಚಿರುವುದಿಲ್ಲ. ಅಮೆರಿಕದ ಕೆಂಪು ಓಕ್‌ನಲ್ಲಿ ತಿರುಳಿನ ಕೊಳವೆಗಳೂ ತೆರೆದೇ ಇರುವುದರಿಂದ ಅದು ನೀರಿನಂಥದ್ದಕ್ಕೆ ಬರುವುದೇ ಇಲ್ಲ. ಸೀಳಿದ್ದನ್ನು ಎರಡು ಮೂರು ವರ್ಷ ಬಯಲಲ್ಲಿ ಪೇರಿಸಿ ಒಣಗಿಸುತ್ತಾರೆ.

ಪ್ರತಿ ಹಲಗೆ ನಡುವೆ ಅಗಲ, ತುದಿಗಳಲ್ಲಿ ಸಪೂರ. ಅಂಚನ್ನು ಓರೆಯಾಗಿ ಕೀಸಬೇಕು. ಮುಖ್ಯ ಕೌಶಲ ಇಲ್ಲಿದೆ. ಕೀಸುವ ಹತ್ತರಿ ಮೈಯುದ್ದದ್ದು, ಬಾಯಿ ಮೇಲೆ ಮಾಡಿ ಇಳಿಜಾರಾಗಿ ನಿಲ್ಲಿಸಿರುತ್ತಾರೆ. ಹಲಗೆಯನ್ನೇ ಅದರ ಮೇಲೆ ತಳ್ಳುವುದು. ಓರೆ ಅಳೆಯಲು ಕೋನಮಾಪಕವಿಲ್ಲ, ಕಣ್ಣೇ ಗತಿ. 30 ಹಲಗೆಯ ಪೀಪಾಯಿಯಲ್ಲಿ ಒಂದೊಂದು ಅರ್ಧ ಡಿಗ್ರಿ ತಪ್ಪಿದರೆ ಕೊನೆಗೆ 15 ಡಿಗ್ರಿ ಬಾಯಿ ಬಿಡುತ್ತದೆ, ಹಲಗೆಗಳನ್ನು ಸುತ್ತಿ ಬಿಗಿಯುವ ಯಾವ ಬಳೆಯೂ ಅದನ್ನು ಮುಚ್ಚುವುದಿಲ್ಲ. ಮೇಲಿನ ಬಳೆಯೊಳಗೆ ಹಲಗೆಗಳನ್ನು ನಿಲ್ಲಿಸಿದಾಗ ಕೆಳಗೆ ಲಂಗದ ಹಾಗೆ ಅಗಲಿಸಿರುತ್ತವೆ. ಒಳಗೆ ಹೊಟ್ಟಿನ ಬೆಂಕಿ, ಹೊರಮೈಗೆ ನೀರು; ಮರ ಬಿಸಿಯಾಗಿ ಮೆತ್ತಗಾದಂತೆ ಬಳೆಗಳನ್ನು ಬಡಿದು ಇಳಿಸಿ ಬುಡ ಕೂಡಿಸುತ್ತಾರೆ. ಅವಸರ ಮಾಡಿದರೆ ಹಿಗ್ಗುವ ಹೊರಮೈ ಹೊಟ್ಟೆಯ ಬಳಿ ಸೀಳುತ್ತದೆ.

ಮುಚ್ಚಳ ಕೂರಲು ಎರಡೂ ಬಾಯಿಯ ಒಳಗೆ ಸುತ್ತ ಗೀರು ಕೊರೆಯುತ್ತಾರೆ. ಆಳವಾದರೆ ಉರುಳಿಸುವಾಗ ಅಂಚು ಮುರಿಯುತ್ತದೆ, ತೆಳುವಾದರೆ ಮುಚ್ಚಳ ಕಳಚುತ್ತದೆ. ಮುಚ್ಚಳದ ಅಳತೆಗೆ ಕೈವಾರವನ್ನು ಆ ಗೀರಿನಲ್ಲಿ ನಡೆಸಿ, ಸರಿಯಾಗಿ ಆರು ಹೆಜ್ಜೆಗೆ ಹೊರಟಲ್ಲಿಗೇ ಬಂದರೆ ಕೈವಾರದ ಬಾಯಿಯೇ ತ್ರಿಜ್ಯ. ಮುಚ್ಚಳದ ತುಂಡುಗಳ ಸಂದಿಗೆ ಕೆರೆಯಂಚಿನಲ್ಲಿ ಬೆಳೆಯುವ ಜೊಂಡಿನ ಒಣ ಎಲೆ ಇಡುತ್ತಾರೆ. ಉಳಿದ ಸಂದುಗಳನ್ನು ಒಳಗೆ ತುಂಬಿದ್ದೇ ಉಬ್ಬಿಸಿ ಮುಚ್ಚುತ್ತದೆ. ಖಾಲಿ ಬಿಟ್ಟು ಬಿಸಿಲಿಗಿಟ್ಟ ಪೀಪಾಯಿ ಅದಕ್ಕೇ ಸೋರುವುದು.

ಕುಲದ ಮಾತು: ಲಂಡನಿನಲ್ಲಿ ಶ್ರೇಣಿ ಸೇರಲು ಮೂರು ದಾರಿಗಳಿದ್ದವು. ಏಳು ವರ್ಷ ಗುರುವಿನ ಮನೆಯಲ್ಲಿ ಕಲಿಯುವುದು, ಸದಸ್ಯನ ಮಗನಾಗಿರುವುದು, ಇಲ್ಲವೇ ಹಣ ಕಟ್ಟುವುದು. ಎರಡನೆಯದೊಂದನ್ನೇ ಹಿಡಿದು ಕುಲಕಸುಬು ಎನ್ನಲಾಗದು. ಕಲಿಯಲು ಬಂದ ಹುಡುಗ ರೈತನ ಮಗನೂ ಆಗಬಹುದಿತ್ತು.

ತಿದ್ದುಪಡಿ ಹಾಕುವುದಾದರೆ ಹಂಡೆಯ ಬದಲು ಪೀಪಾಯಿಯ ಚಿತ್ರ ಹಾಕಿ. ಸ್ಟೀಲಿನದ್ದೋ ನೀಲಿ ಪ್ಲಾಸ್ಟಿಕ್ಕಿನದ್ದೋ ಬೇಡ, ಹಲಗೆಯ ಸಂದುಗಳು ಕಾಣುವಂಥದ್ದು.

— ಓದುಗ, ಬದಿಯಡ್ಕ, ಕಾಸರಗೋಡು